ಹಡಗಿನ ತೋಪಿಗೆ ಲೆಕ್ಕ ಹೇಳಿಕೊಟ್ಟವರು: 1900ರಿಂದ ಜಟ್ಲೆಂಡ್‌ವರೆಗೆ

ಲೇತ್ ಮಾಸ್ತರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮಗಳ ಮನೆಗೆ ಅಂತ ಲಂಡನ್‌ಗೆ ಹೋಗಿದ್ದೆ. ಅಲ್ಲಿ ಥೇಮ್ಸ್ ನದಿಯಲ್ಲಿ ಬೆಲ್‌ಫಾಸ್ಟ್ ಅನ್ನೋ ಹಳೇ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಮೊಮ್ಮಗನಿಗೆ ತೋಪು ನೋಡುವ ಹುಚ್ಚು. ಅವನು ಮೇಲೆ ತೋಪಿನ ಪಕ್ಕ ಫೋಟೋ ತೆಗೆಸಿಕೊಂಡ. ನಾನು ಮಾತ್ರ ಹಡಗಿನ ಹೊಟ್ಟೆಯೊಳಗಿನ ಒಂದು ಕೋಣೆಯಲ್ಲೇ ಮುಕ್ಕಾಲು ಗಂಟೆ ನಿಂತುಬಿಟ್ಟೆ.

ಅಲ್ಲಿರೋದು ದೊಡ್ಡ ಮೇಜಿನಂಥ ಒಂದು ಯಂತ್ರ. ಸುತ್ತ ಹಿಡಿಕೆಗಳು, ಡಯಲ್‌ಗಳು. ಒಳಗೆಲ್ಲ ಗೇರು, ಶಾಫ್ಟು. ತೋಪನ್ನು ಎಷ್ಟು ಎತ್ತಬೇಕು, ಯಾವ ಕಡೆ ಎಷ್ಟು ತಿರುಗಿಸಬೇಕು ಅಂತ ಲೆಕ್ಕ ಹಾಕಿ ಕೊಡುವುದು ಅದರ ಕೆಲಸ. ಅಂದ್ರೆ ಕಂಪ್ಯೂಟರ್ರೇ, ಆದರೆ ಹಲ್ಲುಚಕ್ರದ್ದು. ನಾನು ಮೂವತ್ತು ವರ್ಷ ಲೇತ್ ಮುಂದೆ ನಿಂತವನು. ಅದರೊಳಗಿನ ಒಂದೊಂದು ಗೇರ್ ಕಡಿಯೋಕೆ ಎಷ್ಟು ತಾಳ್ಮೆ ಬೇಕು ಅಂತ ನನಗೆ ಗೊತ್ತು.

ಬೆಲ್‌ಫಾಸ್ಟ್‌ನದು 1930ರ ದಶಕದ ಯಂತ್ರ. ಅದರ ಅಜ್ಜ ಮುತ್ತಜ್ಜ ಹುಟ್ಟಿದ್ದು 1900ರಿಂದ 1916ರ ನಡುವೆ, ಅಂದ್ರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರಿಗೂ ಜರ್ಮನ್ನರಿಗೂ ಆದ ಜಟ್ಲೆಂಡ್ ನೌಕಾಕದನದವರೆಗೆ. ವಾಪಸ್ ಬಂದ ಮೇಲೆ ಅದರ ಹಿಂದೆ ಬಿದ್ದೆ. ಓದಿದ್ದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಸಮಸ್ಯೆ ಏನು ಅಂತ ಹೇಳಿಬಿಡ್ತೀನಿ. 1898ರಲ್ಲಿ ಮನಿಲಾ ಕೊಲ್ಲಿಯಲ್ಲಿ ಅಮೆರಿಕದವರು ಸ್ಪೇನಿನ ಹಡಗುಗಳ ಮೇಲೆ ಸುಮಾರು ಆರು ಸಾವಿರ ಗುಂಡು ಹಾರಿಸಿದರು. ತಾಗಿದ್ದು 142. ಅದೂ ಲಂಗರು ಹಾಕಿ ನಿಂತಿದ್ದ ಅಥವಾ ನಿಧಾನಕ್ಕೆ ಹೋಗುತ್ತಿದ್ದ ಹಡಗುಗಳಿಗೆ, ಹತ್ತಿರದಿಂದ. ಆಗ ಗೆದ್ದವರೂ ತಲೆ ಕೆರೆದುಕೊಂಡರು.

ಅದೇ ಹೊತ್ತಿಗೆ ಬ್ರಿಟಿಷ್ ನೌಕಾಪಡೆಯಲ್ಲಿ ಪರ್ಸಿ ಸ್ಕಾಟ್ ಅಂತ ಒಬ್ಬ ಕ್ಯಾಪ್ಟನ್ ಇದ್ದ. ಅವನ ಹಡಗು ಸಿಲ್ಲಾ. ಅಲ್ಲಿಯವರೆಗೆ ಗುರಿ ಹಿಡಿಯುವ ಪದ್ಧತಿ ಹೀಗಿತ್ತು: ತೋಪನ್ನು ಒಂದು ಎತ್ತರಕ್ಕೆ ಇಟ್ಟು ಕಾಯುವುದು. ಹಡಗು ಅಲೆಗೆ ಹೊರಳಿದಾಗ ಗುರಿ ಕಣ್ಣಿನ ಮುಂದೆ ಹಾದುಹೋಗುತ್ತದಲ್ಲ, ಆ ಕ್ಷಣಕ್ಕೆ ಹಾರಿಸುವುದು. ಕಣ್ಣು ಕಂಡು ಕೈ ಎಳೆಯುವಷ್ಟರಲ್ಲಿ ಹಡಗು ಇನ್ನಷ್ಟು ಹೊರಳಿರುತ್ತಿತ್ತು. ಸ್ಕಾಟ್ ಒಂದು ದಿನ ನೋಡಿದ, ಒಬ್ಬ ಗುರಿಕಾರ ಮಾತ್ರ ಕಾಯುತ್ತಿರಲಿಲ್ಲ. ಹಡಗು ಹೊರಳಿದಂತೆ ಎತ್ತರದ ಚಕ್ರವನ್ನು ಹಿಂದೆ ಮುಂದೆ ತಿರುಗಿಸುತ್ತಾ ಗುರಿಯನ್ನು ಬಿಡದೆ ಹಿಡಿದುಕೊಂಡಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ, ಅವನಿಗೇ ಕೈಗೆ ಬಂದಿತ್ತು. ಸ್ಕಾಟ್ ಅದನ್ನೇ ಎಲ್ಲರಿಗೂ ಕಲಿಸಿದ. ಗೇರ್ ಅನುಪಾತ ಬದಲಿಸಿದ, ಒಳ್ಳೆ ದೂರದರ್ಶಕ ಹಾಕಿಸಿದ, ಬಂದರಿನಲ್ಲಿ ನಿಂತಾಗಲೂ ಅಭ್ಯಾಸ ಮಾಡೋಕೆ ಒಂದು ಆಟಿಕೆಯಂಥ ಸಾಧನ ಮಾಡಿದ. ಚುಕ್ಕಿಯೊಂದು ಮೇಲೆ ಕೆಳಗೆ ಓಡಾಡುತ್ತೆ, ಗುರಿ ಸರಿ ಇದ್ದಾಗ ಟ್ರಿಗರ್ ಎಳೆದರೆ ಪೆನ್ಸಿಲ್ ಕಾಗದದ ಮೇಲೆ ಚುಕ್ಕೆ ಇಡುತ್ತೆ. 1899ರ ಸ್ಪರ್ಧೆಯಲ್ಲಿ ಸಿಲ್ಲಾದ ಗುಂಡುಗಳಲ್ಲಿ ನೂರಕ್ಕೆ 80 ತಾಗಿದವು.

ಆದರೆ ಅದು ಒಂದೂವರೆ ಸಾವಿರ ಗಜದ ಆಸುಪಾಸಿನ ಆಟ. ಹತ್ತು ಸಾವಿರ ಗಜಕ್ಕೆ ಹೋದಾಗ ಕಥೆಯೇ ಬೇರೆ. ಅದನ್ನ ನಾಳೆ ಬರೀತೀನಿ. ಈಗ ಮೊಮ್ಮಗ ಲ್ಯಾಪ್‌ಟಾಪ್ ಕೇಳ್ತಿದ್ದಾನೆ.

ರಾತ್ರಿಪಾಳಿ

ಮಾಸ್ತರೇ ಚೆನ್ನಾಗಿದೆ. ಒಂದು ದಡ್ಡ ಪ್ರಶ್ನೆ. ದೂರ ಜಾಸ್ತಿ ಆದರೆ ತೋಪನ್ನು ಸ್ವಲ್ಪ ಜಾಸ್ತಿ ಎತ್ತಿದರಾಯ್ತು ಅಲ್ವಾ? ಅದಕ್ಕೆ ಅಷ್ಟು ದೊಡ್ಡ ಯಂತ್ರ ಯಾಕೆ?

ಗಣಿತದ ಮೇಷ್ಟ್ರು

ದಡ್ಡ ಪ್ರಶ್ನೆ ಏನಲ್ಲ. ಮಾಸ್ತರು ಬರೋವರೆಗೆ ನಾನು ಒಂದು ಲೆಕ್ಕ ಹಾಕ್ತೀನಿ.

ಹಡಗಿನ ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ. 1 ನಾಟ್ ಅಂದ್ರೆ ನಿಮಿಷಕ್ಕೆ ಸುಮಾರು 34 ಗಜ. ಎರಡು ಹಡಗು ತಲಾ 20 ನಾಟ್‌ನಲ್ಲಿ ಎದುರುಬದುರು ಬರುತ್ತಿವೆ ಅಂತಿಟ್ಟುಕೊಳ್ಳಿ. ನಡುವಿನ ದೂರ ನಿಮಿಷಕ್ಕೆ 1,350 ಗಜ ಕಡಿಮೆ ಆಗುತ್ತದೆ. ಆ ಕಾಲದ 12 ಇಂಚಿನ (ಅಂದ್ರೆ ಬಾಯಿ ಅಷ್ಟು ಅಗಲದ) ತೋಪಿನ ಗುಂಡು 10,000 ಗಜ ಹೋಗೋಕೆ ಸುಮಾರು 15 ಸೆಕೆಂಡ್ ಬೇಕು. ಅಷ್ಟರಲ್ಲಿ ದೂರ 300 ಗಜಕ್ಕಿಂತ ಜಾಸ್ತಿ ಬದಲಾಗಿರುತ್ತೆ. ಗುರಿಯ ಅಗಲ ಎಷ್ಟು? ಮೂವತ್ತು ಗಜ. ನೀವು ಈಗ ಕಾಣುವ ಹಡಗಿಗೆ ಹೊಡೆದರೆ ಗುಂಡು ಖಾಲಿ ನೀರಿಗೆ ಬೀಳುತ್ತೆ.

ಇದಕ್ಕಿಂತ ತಲೆನೋವಿನ ವಿಷಯ ಇನ್ನೊಂದಿದೆ. ಎದುರುಬದುರು ಬರುವಾಗ ದೂರ ಒಂದೇ ಸಮನೆ ಕಡಿಮೆ ಆಗುತ್ತೆ, ಪರವಾಗಿಲ್ಲ. ಆದರೆ ಪಕ್ಕದಿಂದ ಹಾದುಹೋಗುವಾಗ? ಹೈವೇಯಲ್ಲಿ ಪಕ್ಕದ ಟ್ರ್ಯಾಕ್‌ನ ಲಾರಿ ನೆನಪಿಸಿಕೊಳ್ಳಿ. ದೂರದಲ್ಲಿದ್ದಾಗ ರಭಸವಾಗಿ ಹತ್ತಿರ ಬರುತ್ತೆ, ನಿಮ್ಮ ಪಕ್ಕಕ್ಕೆ ಬಂದ ಕ್ಷಣ ದೂರ ಬದಲಾಗುವುದೇ ಇಲ್ಲ, ಆಮೇಲೆ ದೂರ ಹೋಗತೊಡಗುತ್ತೆ. ಅಂದರೆ ದೂರ ಬದಲಾಗುವ ವೇಗವೇ ಬದಲಾಗುತ್ತಾ ಇರುತ್ತೆ. ಪಿಯುಸಿಯಲ್ಲಿ ಎರಡನೇ ಡೆರಿವೇಟಿವ್ ಯಾಕೆ ಸರ್ ಅಂತ ಕೇಳುವ ಮಕ್ಕಳಿಗೆ ನಾನು ಇನ್ಮೇಲೆ ಇದನ್ನೇ ಹೇಳ್ತೀನಿ.

ಮಲ್ಪೆ ಗಾಳಿ

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಸಮುದ್ರ ಗಾಜಿನ ಹಾಗೆ ಉಂಟು ಮಾರಾಯ್ರೆ! ನಮ್ಮ ಅಪ್ಪ ಬೋಟ್‌ನವರು. ಆಗಸ್ಟ್‌ನಲ್ಲಿ ಹೊರಗೆ ಹೋದರೆ ನಿಂತುಕೊಂಡು ಚಾ ಕುಡಿಯಲಿಕ್ಕೆ ಆಗುವುದಿಲ್ಲ, ಅದರಲ್ಲಿ ದುರ್ಬೀನು ಹಿಡಿದು ದೂರ ಅಳೆಯುವುದು ಹೇಗೆ? ಮೇಲಿಂದ ಚಿಮಣಿ ಹೊಗೆ, ಎದುರಿನವರ ಹೊಗೆ. ದೂರ ಅಳೆಯುವವನಿಗೆ ಮೊದಲು ಗುರಿ ಕಾಣಬೇಕಲ್ಲ.

ಲೇತ್ ಮಾಸ್ತರ

ಮಲ್ಪೆಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನನ್ನ ವಾದವೂ ಅದೇ, ಆಮೇಲೆ ಹೇಳ್ತೀನಿ.

ದೂರ ಅಳೆಯೋಕೆ ಇದ್ದ ಸಾಧನ ರೇಂಜ್‌ಫೈಂಡರ್. ಆರ್ಚಿಬಾಲ್ಡ್ ಬಾರ್, ವಿಲಿಯಂ ಸ್ಟ್ರೌಡ್ ಅಂತ ಇಬ್ಬರು ಪ್ರೊಫೆಸರ್‌ಗಳು ಮಾಡಿದ್ದು. ಉದ್ದನೆಯ ಕೊಳವೆ, ಎರಡು ತುದಿಗೂ ಒಂದೊಂದು ಕಿಂಡಿ. ನಡುವೆ ಕಣ್ಣಿಟ್ಟು ನೋಡಿದರೆ ಚಿತ್ರದ ಮೇಲರ್ಧ ಒಂದು ಕಿಂಡಿಯಿಂದ, ಕೆಳಗರ್ಧ ಇನ್ನೊಂದು ಕಿಂಡಿಯಿಂದ ಬರುತ್ತೆ. ಎದುರಿನ ಹಡಗಿನ ಪಟಸ್ತಂಭ ನಡುವೆ ಮುರಿದ ಕೋಲಿನ ಹಾಗೆ ಕಾಣುತ್ತೆ. ಹಿಡಿಕೆ ತಿರುಗಿಸಿ ಮುರಿದ ಕೋಲು ಒಂದಾಗುವ ಹಾಗೆ ಮಾಡಬೇಕು. ಒಂದಾದಾಗ ಡಯಲ್‌ನಲ್ಲಿ ದೂರ ಓದಬಹುದು. ತ್ರಿಕೋನದ ಲೆಕ್ಕ ಅಷ್ಟೇ.

ಆದರೆ ತ್ರಿಕೋನ ಎಷ್ಟು ಸಪೂರ ನೋಡಿ. ಬ್ರಿಟಿಷರ ಬಹುಪಾಲು ಹಡಗುಗಳಲ್ಲಿ ಇದ್ದಿದ್ದು 9 ಅಡಿ ಕೊಳವೆ. 9 ಅಡಿ ಎಲ್ಲಿ, 10,000 ಗಜ ಎಲ್ಲಿ! ಆ ಕೋನ ಎಷ್ಟು ಚಿಕ್ಕದು ಅಂದ್ರೆ, ಒಂದು ರೂಪಾಯಿ ನಾಣ್ಯವನ್ನು ಸುಮಾರು 80 ಮೀಟರ್ ಆಚೆ ಹಿಡಿದರೆ ಅದು ನಿಮ್ಮ ಕಣ್ಣಿಗೆ ಮಾಡುವಷ್ಟು ಕೋನ. ನಾಣ್ಯ ಕಾಣೋದಲ್ಲ ಮುಖ್ಯ, ಅದರ ಅಗಲದಲ್ಲಿ ನೂರನೇ ಒಂದು ಪಾಲು ತಪ್ಪಿದರೂ 100 ಗಜ ತಪ್ಪುತ್ತೆ. ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು.

ಇದು ದೂರ. ಇನ್ನು ದೂರ ಬದಲಾಗುವ ವೇಗ. ಇದಕ್ಕೆ 1902ರಲ್ಲಿ ಜಾನ್ ಡುಮಾರೆಸ್ಕ್ ಅನ್ನೋ ನೌಕಾ ಅಧಿಕಾರಿ ಒಂದು ಸಾಧನ ಮಾಡಿದ. ಅವನ ಹೆಸರೇ ಅದಕ್ಕೂ ಬಂತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಅನ್ನದ ತಟ್ಟೆಯಷ್ಟು ದೊಡ್ಡ ವೃತ್ತ ಅಂದುಕೊಳ್ಳಿ. ಮೇಲೆ ಅಡ್ಡ ಒಂದು ಪಟ್ಟಿ, ಅದು ನಮ್ಮ ಹಡಗು. ಅದರ ಕೆಳಗೆ ತಿರುಗುವ ಇನ್ನೊಂದು ಪಟ್ಟಿ, ಅದು ಶತ್ರುವಿನ ಹಡಗು. ನಮ್ಮ ವೇಗಕ್ಕೆ ತಕ್ಕಂತೆ ಒಂದನ್ನು ಜಾರಿಸು, ಶತ್ರುವಿನ ದಿಕ್ಕು ವೇಗ ಅಂದಾಜು ಮಾಡಿ ಇನ್ನೊಂದನ್ನು ತಿರುಗಿಸು. ತುದಿಯ ಮುಳ್ಳು ಕೆಳಗಿನ ಗೀಟುಗಳ ಮೇಲೆ ಎಲ್ಲಿ ನಿಲ್ಲುತ್ತೋ ಅಲ್ಲೇ ಉತ್ತರ. ಒಂದು ಕಡೆ ಓದಿದರೆ ದೂರ ನಿಮಿಷಕ್ಕೆ ಎಷ್ಟು ಗಜ ಬದಲಾಗ್ತಿದೆ ಅಂತ, ಇನ್ನೊಂದು ಕಡೆ ಓದಿದರೆ ಗುರಿ ಪಕ್ಕಕ್ಕೆ ಎಷ್ಟು ಸರೀತಿದೆ ಅಂತ. ಒಂದೂ ಗುಣಾಕಾರ ಇಲ್ಲ. ವೆಕ್ಟರ್ ಕೂಡೋದನ್ನ ಹಿತ್ತಾಳೆಯಲ್ಲಿ ಮಾಡಿಟ್ಟಿದ್ದಾನೆ ಮಹಾರಾಯ.

ಅಲ್ಲಿಂದ ಬಂದ ವೇಗವನ್ನು ಒಂದು ಗಡಿಯಾರಕ್ಕೆ ಕೊಡುತ್ತಿದ್ದರು. ವಿಕರ್ಸ್ ಕಂಪನಿಯದು, ರೇಂಜ್ ಕ್ಲಾಕ್. ಮುಳ್ಳು ಗಂಟೆ ತೋರಿಸೋದಿಲ್ಲ, ದೂರ ತೋರಿಸುತ್ತೆ. ನಿಮಿಷಕ್ಕೆ 400 ಗಜ ಅಂತ ಇಟ್ಟರೆ ಅಷ್ಟು ವೇಗವಾಗಿ ಓಡುತ್ತೆ. ಹೊಗೆಯಲ್ಲಿ ಶತ್ರು ಕಾಣದಿದ್ದರೂ ಗಡಿಯಾರ ನೋಡಿ ದೂರ ಹೇಳುತ್ತಾ ಇರಬಹುದು. ಮೇಷ್ಟ್ರು ಹೇಳಿದ ತೊಂದರೆ ಇಲ್ಲೇ ಬರೋದು. ವೇಗವೇ ಬದಲಾದರೆ ಯಾರಾದರೂ ಪಕ್ಕದಲ್ಲಿ ನಿಂತು ಮತ್ತೆ ಮತ್ತೆ ತಿದ್ದಬೇಕು.

ಸಿಡ್ನಿ ಕನ್ನಡಿಗ

ಇಲ್ಲಿಯವರೆಗೆ ಸುಮ್ನೆ ಓದ್ತಿದ್ದೆ. ಡುಮಾರೆಸ್ಕ್ ಹೆಸರು ನೋಡಿ ಬರೀತಿದ್ದೀನಿ. ಅವರು ಹುಟ್ಟಿದ್ದು ಸಿಡ್ನಿಯಲ್ಲಿ. 1917ರಿಂದ ಸಿಡ್ನಿ ಅನ್ನೋ ಹೆಸರಿನ ಯುದ್ಧನೌಕೆಗೇ ಕ್ಯಾಪ್ಟನ್ ಆಗಿದ್ದರು. ಆಮೇಲೆ ಆಸ್ಟ್ರೇಲಿಯಾದ ಪಡೆಯನ್ನೇ ನಡೆಸಿದರು. ಆ ಹಡಗಿನ ಪಟಸ್ತಂಭ ಈಗಲೂ ಇಲ್ಲಿ ಬಂದರಿನ ಬ್ರಾಡ್ಲೀಸ್ ಹೆಡ್‌ನಲ್ಲಿ ನಿಂತಿದೆ. ವಾಕಿಂಗ್ ಹೋಗುವವರು ಅದರ ಬುಡದಲ್ಲಿ ಕೂತು ಸ್ಯಾಂಡ್‌ವಿಚ್ ತಿಂತಾರೆ.

ಎಮ್ಡೆನ್ ಅನ್ನೋ ಜರ್ಮನ್ ಯುದ್ಧನೌಕೆಯನ್ನು ಮುಗಿಸಿದ್ದು ಇದೇ ಹಡಗು.

ಮಲ್ಪೆ ಗಾಳಿ

ಎಮ್ಡೆನ್ ಅಂದ್ರೆ ಮದ್ರಾಸಿಗೆ ಗುಂಡು ಹಾಕಿದ್ದಲ್ವಾ? 1914 ಸೆಪ್ಟೆಂಬರ್ 22ರ ರಾತ್ರಿ. ಬರ್ಮಾ ಆಯಿಲ್ ಟ್ಯಾಂಕ್‌ಗಳು ಹೊತ್ತಿ ಉರಿದವು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸ್ ಪ್ರೆಸಿಡೆನ್ಸಿಗೇ ಸೇರಿತ್ತು. ಹಾಗಾಗಿ ಅದು ನಮ್ಮ ರಾಜಧಾನಿಯ ಮೇಲೇ ಬಿದ್ದ ಗುಂಡು ಅಂತಲೇ ಲೆಕ್ಕ.

ಸಿಡ್ನಿ ಕನ್ನಡಿಗ

ಹೌದು, ಅದೇ. ಅರ್ಧ ಗಂಟೆಯಲ್ಲಿ ನೂರಕ್ಕೂ ಜಾಸ್ತಿ ಗುಂಡು. ಟ್ಯಾಂಕ್ ಓಡಿ ಹೋಗಲ್ಲವಲ್ಲ, ಅಲ್ಲಿ ಯಾವ ಲೆಕ್ಕವೂ ಬೇಕಾಗಿರಲಿಲ್ಲ.

ಲೆಕ್ಕ ಬೇಕಾಗಿದ್ದು ನವೆಂಬರ್ 9ಕ್ಕೆ, ಕೋಕೋಸ್ ದ್ವೀಪದ ಹತ್ತಿರ. ಸಿಡ್ನಿ ಹತ್ತಿರ ಎಂಟು 6 ಇಂಚಿನ ತೋಪು. ಎಮ್ಡೆನ್ ಹತ್ತಿರ ಹತ್ತು 10.5 ಸೆಂಟಿಮೀಟರ್ ತೋಪು, ಅಂದ್ರೆ ಗುಂಡು ಬಹಳ ಹಗುರ. ಅಷ್ಟು ಚಿಕ್ಕ ತೋಪು ಅಷ್ಟು ದೂರ ಹೊಡೀತದೆ ಅಂತ ಸಿಡ್ನಿಯವರು ಎಣಿಸಿರಲಿಲ್ಲ. ಎಮ್ಡೆನ್ ಸುಮಾರು 10,000 ಗಜದಿಂದಲೇ ಶುರು ಮಾಡಿತು, ಮೊದಲ ಕೆಲವು ಸುತ್ತಿನಲ್ಲೇ ಹಿಡಿತಕ್ಕೆ ಬಂತು. ಒಂದು ಗುಂಡು ಸಿಡ್ನಿಯ ಮೇಲಿನ ಸೇತುವೆಯ ರೇಂಜ್‌ಫೈಂಡರ್‌ಗೇ ಬಡಿಯಿತು. ಅದು ಸಿಡಿಯಲಿಲ್ಲ, ಆದರೆ ಸಾಧನವೂ ಹೋಯಿತು, ಅದರ ಮುಂದೆ ಕೂತವನೂ ಹೋದ. ಹಿಂಬದಿಯ ನಿಯಂತ್ರಣದ ಜಾಗಕ್ಕೂ ಏಟು ಬಿತ್ತು. ಸಿಡ್ನಿಯ ಕ್ಯಾಪ್ಟನ್ ಗ್ಲಾಸಪ್ ಮಾಡಿದ್ದು ಇಷ್ಟೇ: ತನ್ನ ವೇಗ ಜಾಸ್ತಿ, ತನ್ನ ಗುಂಡು ಭಾರ, ಹಾಗಾಗಿ ದೂರ ಸರಿದು ನಿಂತು, ನೀರು ಚಿಮ್ಮುವುದನ್ನು ನೋಡಿ ನೋಡಿ ತಿದ್ದಿಕೊಂಡು ಹೊಡೆದ. ಕೊನೆಗೆ ಎಮ್ಡೆನ್ ತಾನೇ ಹವಳದ ದಂಡೆಗೆ ಹತ್ತಿ ಕೂತಿತು.

ಅಂದ್ರೆ ಒಳ್ಳೆ ಲೆಕ್ಕದವನು ಸೋತ, ಭಾರದ ಗುಂಡಿನವನು ಗೆದ್ದ!

ಗಣಿತದ ಮೇಷ್ಟ್ರು

ಹಾಗಾದರೆ ಒಂದು ಕಥೆ ಕೇಳ್ತೀನಿ, ಇದು ನಿಜವೋ ಸುಳ್ಳೋ ಹೇಳಿ. 1914 ಡಿಸೆಂಬರ್ 8ರ ಫಾಕ್‌ಲ್ಯಾಂಡ್ಸ್ ಕದನ. ಬ್ರಿಟಿಷರ ಗುಂಡುಗಳೆಲ್ಲ ಜರ್ಮನ್ ಹಡಗಿನ ಎಡಕ್ಕೆ 100 ಗಜ ಬೀಳುತ್ತಿದ್ದವಂತೆ. ಯಾಕಂದ್ರೆ ಭೂಮಿ ತಿರುಗುವುದಕ್ಕೆ ಮಾಡಿದ ತಿದ್ದುಪಡಿ ಉತ್ತರ ಗೋಳಾರ್ಧಕ್ಕೆ ಮಾತ್ರ ಸರಿಯಂತೆ, ದಕ್ಷಿಣದಲ್ಲಿ ಅದು ಉಲ್ಟಾ ಆಯ್ತಂತೆ. ನಮ್ಮ ಕಾಲೇಜಿನಲ್ಲೂ ಒಬ್ಬ ಮೇಷ್ಟ್ರು ಇದನ್ನ ಹೇಳ್ತಿದ್ದರು. ನಾನೂ ಎಷ್ಟೋ ಬ್ಯಾಚ್‌ಗೆ ಹೇಳಿದ್ದೀನಿ.

ರಾತ್ರಿಪಾಳಿ

ನಾನೂ ಕೇಳಿದ್ದೀನಿ! ಕೊರಿಯೊಲಿಸ್. ಸಿಂಕ್‌ನಲ್ಲಿ ನೀರು ತಿರುಗೋದು ಕೂಡ ಅದೇ ಅಂತಾರೆ.

ಗಣಿತದ ಮೇಷ್ಟ್ರು

ಸಿಂಕ್ ವಿಷಯ ಬಿಡಿ, ಅದು ಸುಳ್ಳು. ತೋಪಿನದನ್ನ ನಾನೇ ಈಗ ಕೂತು ಲೆಕ್ಕ ಹಾಕಿದೆ, ನಾಚಿಕೆ ಆಯ್ತು.

ಫಾಕ್‌ಲ್ಯಾಂಡ್ಸ್ ಸುಮಾರು 52 ಡಿಗ್ರಿ ದಕ್ಷಿಣ ಅಕ್ಷಾಂಶ. ದೂರ 15,000 ಗಜ ಅಂತಿಟ್ಟುಕೊಳ್ಳಿ, ಅಂದ್ರೆ 13,700 ಮೀಟರ್. ಗುಂಡು ಗಾಳಿಯಲ್ಲಿರುವ ಹೊತ್ತು 25 ಸೆಕೆಂಡ್ ಅನ್ನೋಣ. ಭೂಮಿಯ ತಿರುಗುವ ವೇಗ ಸೆಕೆಂಡಿಗೆ 0.0000729 ರೇಡಿಯನ್. ಇದನ್ನು ಅಕ್ಷಾಂಶದ ಸೈನ್, ದೂರ, ಹೊತ್ತು ಇವುಗಳಿಂದ ಗುಣಿಸಿದರೆ ಪಕ್ಕಕ್ಕೆ ಸರಿಯೋದು ಸುಮಾರು 20 ಮೀಟರ್. ತಿದ್ದುಪಡಿ ಉಲ್ಟಾ ಆಗಿದ್ದರೂ ಒಟ್ಟು 40 ಮೀಟರ್. 100 ಗಜ ಎಲ್ಲಿಂದ ಬಂತು? ಅದೂ ಅಲ್ಲದೆ ಹಡಗು ಪಕ್ಕ ತೋರಿಸಿ ನಿಂತಾಗ ಉದ್ದ 140 ಮೀಟರ್ ಹತ್ತಿರ. ಪಕ್ಕಕ್ಕೆ 40 ಮೀಟರ್ ತಪ್ಪಿದರೂ ತಾಗುತ್ತೆ.

ಎಷ್ಟು ಬ್ಯಾಚ್ ಮಕ್ಕಳಿಗೆ ಸುಳ್ಳು ಹೇಳಿದೆನೋ.

ಲೇತ್ ಮಾಸ್ತರ

ಮೇಷ್ಟ್ರೇ ಬೇಜಾರು ಮಾಡ್ಕೋಬೇಡಿ, ಕಥೆ ಚೆನ್ನಾಗಿದೆ, ಅದಕ್ಕೇ ಬದುಕಿದೆ. ಅಲ್ಲಿ ನಿಜವಾಗಿ ಆಗಿದ್ದು ಇದಕ್ಕಿಂತ ಸಾದಾ. ಬ್ರಿಟಿಷರ ಹಡಗುಗಳು ಇನ್‌ವಿನ್ಸಿಬಲ್, ಇನ್‌ಫ್ಲೆಕ್ಸಿಬಲ್ ಎರಡೂ ಸೇರಿ 12 ಇಂಚಿನ 1,174 ಗುಂಡು ಹಾರಿಸಿದವು, ಎರಡು ಹಡಗು ಮುಳುಗಿಸೋಕೆ. ತಮ್ಮದೇ ಚಿಮಣಿಯ ಹೊಗೆ ಗಾಳಿಗೆ ಗುರಿಯ ಕಡೆಗೇ ಹೋಗುತ್ತಿತ್ತು. ಮಲ್ಪೆಯವರು ಹೇಳಿದ ಹೊಗೆಯೇ. ತಪ್ಪಿದ್ದು ಎಡಬಲಕ್ಕಿಂತ ಹೆಚ್ಚಾಗಿ ದೂರದಲ್ಲಿ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಆರ್ಥರ್ ಪೊಲೆನ್ ಮತ್ತು ಫ್ರೆಡರಿಕ್ ಡ್ರೇಯರ್.

ಪೊಲೆನ್ ನೌಕಾಪಡೆಯವನಲ್ಲ. ಅಚ್ಚುಮೊಳೆ ಜೋಡಿಸುವ ಲೈನೋಟೈಪ್ ಯಂತ್ರದ ಕಂಪನಿಯ ಮುಖ್ಯಸ್ಥ. 1900ರಲ್ಲಿ ಮಾಲ್ಟಾದಲ್ಲಿ ನೌಕಾಪಡೆಯ ಗುಂಡಿನ ಅಭ್ಯಾಸ ನೋಡಿದ. ಗುರಿ ಒಂದೂವರೆ ಸಾವಿರ ಗಜದೊಳಗೆ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಲೇಡಿಸ್ಮಿತ್‌ನಲ್ಲಿ ಅದೇ ನೌಕಾ ತೋಪುಗಳನ್ನು ಗಾಡಿಯ ಮೇಲೆ ಹೇರಿ ಹಲವು ಪಟ್ಟು ದೂರಕ್ಕೆ ಹೊಡೀತಿದ್ದರು. ಗಾಡಿ ಮಾಡಿಕೊಟ್ಟವನು ಮತ್ತೆ ಅದೇ ಪರ್ಸಿ ಸ್ಕಾಟ್. ನೆಲದ ಮೇಲೆ ಆಗೋದು ನೀರಿನ ಮೇಲೆ ಯಾಕೆ ಆಗಲ್ಲ ಅಂತ ಪೊಲೆನ್‌ಗೆ ಹುಳ ಹೊಕ್ಕಿತು. ಹನ್ನೆರಡು ವರ್ಷ ಅದನ್ನೇ ಹಿಡಿದು ಕೂತ. ಹೆರಾಲ್ಡ್ ಐಶರ್‌ವುಡ್ ಅನ್ನೋ ಎಂಜಿನಿಯರ್ ಅವನಿಗೆ ಆರ್ಗೋ ಕ್ಲಾಕ್ ಅನ್ನೋ ಯಂತ್ರ ವಿನ್ಯಾಸ ಮಾಡಿಕೊಟ್ಟ.

ಅದರ ಹೃದಯ ಹೇಳ್ತೀನಿ ಕೇಳಿ. ಗ್ರಾಮಫೋನ್ ತಟ್ಟೆ ಒಂದೇ ವೇಗದಲ್ಲಿ ತಿರುಗ್ತಿದೆ. ಅದರ ಮೇಲೆ ಒಂದು ಉಕ್ಕಿನ ಗೋಲಿ. ಗೋಲಿಗೆ ತಾಗಿಕೊಂಡು ಒಂದು ಉರುಳೆ. ಗೋಲಿ ತಟ್ಟೆಯ ನಡುಮಧ್ಯ ಇದ್ದರೆ ಉರುಳೆ ತಿರುಗಲ್ಲ. ಅಂಚಿಗೆ ಸರಿಸಿದಷ್ಟೂ ಜೋರಾಗಿ ತಿರುಗುತ್ತೆ. ನಡುವಿನ ಆಚೆ ಪಕ್ಕಕ್ಕೆ ಸರಿಸಿದರೆ ಉಲ್ಟಾ ತಿರುಗುತ್ತೆ. ಅಂದರೆ ಗೋಲಿ ಇರುವ ಜಾಗವೇ ವೇಗ, ಉರುಳೆ ಒಟ್ಟು ಎಷ್ಟು ತಿರುಗಿತು ಅನ್ನೋದೇ ಬದಲಾದ ದೂರ. ಮೇಷ್ಟ್ರ ಇಂಟಿಗ್ರೇಷನ್ ಇದು. ಪೊಲೆನ್‌ನ ಯಂತ್ರದಲ್ಲಿ ಶತ್ರುವಿನ ದಿಕ್ಕು ಬದಲಾದಂತೆ ಗೋಲಿ ತಾನಾಗಿಯೇ ಸರಿಯುತ್ತಿತ್ತು. ಯಾರೂ ಪಕ್ಕದಲ್ಲಿ ನಿಂತು ತಿದ್ದಬೇಕಾಗಿರಲಿಲ್ಲ.

ಡ್ರೇಯರ್ ನೌಕಾಪಡೆಯ ಅಧಿಕಾರಿ. ಅವನ ಟೇಬಲ್‌ನಲ್ಲಿ ರೇಂಜ್‌ಫೈಂಡರ್‌ನಿಂದ ಬಂದ ದೂರವನ್ನೆಲ್ಲ ಓಡುವ ಕಾಗದದ ಮೇಲೆ ಚುಕ್ಕೆ ಇಡುತ್ತಾ ಹೋಗುವುದು. ಚುಕ್ಕೆಗಳ ನಡುವೆ ಕಣ್ಣಂದಾಜಿಗೆ ಗೆರೆ ಹಾಯಿಸಿದರೆ ಅದರ ಓರೆಯೇ ದೂರ ಬದಲಾಗುವ ವೇಗ. ಬಹಳ ಕೈಗಳು ಬೇಕು, ಬಹಳ ಕಣ್ಣುಗಳು ಬೇಕು.

ನೌಕಾಪಡೆ 1912ರಿಂದ 1913ರ ಹೊತ್ತಿಗೆ ಪೊಲೆನ್‌ನನ್ನು ಬಿಟ್ಟು ಡ್ರೇಯರ್ ಟೇಬಲ್ ಹಿಡಿಯಿತು. ಬೆಲೆ ಒಂದು ಕಾರಣ, ಹೊರಗಿನವನು ಗುಟ್ಟು ಮಾರುತ್ತಾನೆ ಅನ್ನೋ ಅನುಮಾನ ಇನ್ನೊಂದು, ಒಳಗಿನವರ ಕಿವಿಮಾತು ಮತ್ತೊಂದು. ಯುದ್ಧ ಮುಗಿದ ಮೇಲೆ 1925ರಲ್ಲಿ ಸರ್ಕಾರದ ಆಯೋಗವೊಂದು ಪೊಲೆನ್‌ಗೆ 30,000 ಪೌಂಡ್ ಕೊಡಿಸಿತು.

ರಾತ್ರಿಪಾಳಿ

ಹಂಗಾದ್ರೆ ಕ್ಲಿಯರ್ ಆಯ್ತಲ್ಲ ಸರ್. ಒಳ್ಳೆ ಯಂತ್ರ ಬಿಟ್ಟು ಕಳಪೆ ಯಂತ್ರ ತಗೊಂಡರು, 1916ರಲ್ಲಿ ಜಟ್ಲೆಂಡ್‌ನಲ್ಲಿ ಅದಕ್ಕೆ ಬೆಲೆ ತೆತ್ತರು. ನಮ್ಮ ಆಫೀಸಲ್ಲೂ ಹೀಗೇ. ಹೊರಗಿನವನು ತಂದ ಸಾಫ್ಟ್‌ವೇರ್ ಬೇಡ, ಒಳಗಿನವರು ಎಕ್ಸೆಲ್‌ನಲ್ಲಿ ಮಾಡಿದ್ದೇ ಸಾಕು ಅಂತಾರೆ.

ಲೇತ್ ಮಾಸ್ತರ

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಯಂತ್ರ ಮಾಡುವವನಿಗೆ ಆ ಕಥೆ ಹಿತವಾಗಿರುತ್ತೆ. ಆದರೆ ಓದ್ತಾ ಹೋದಂತೆ ಅನುಮಾನ ಬಂತು. ಎರಡು ಸಂಗತಿ ಹೇಳ್ತೀನಿ.

ಒಂದು, ಟೈಗರ್ ಅನ್ನೋ ಬ್ರಿಟಿಷ್ ಹಡಗು. ಅದಕ್ಕೆ ಮುಂಚೆ ಒಂದು ಪೀಠಿಕೆ. 1912ರಲ್ಲಿ ಥಂಡರರ್ ಮತ್ತು ಒರಾಯನ್ ಅನ್ನೋ ಎರಡು ಹಡಗುಗಳ ನಡುವೆ ಒಂದು ಪಂದ್ಯ ಆಗಿತ್ತು. ಥಂಡರರ್‌ಗೆ ಸ್ಕಾಟ್‌ನ ಡೈರೆಕ್ಟರ್ ಹಾಕಿದ್ದರು. ಅಂದ್ರೆ ಪಟಸ್ತಂಭದ ಮೇಲೆ ಒಬ್ಬನೇ ಒಂದು ದುರ್ಬೀನಿನಲ್ಲಿ ಗುರಿ ಹಿಡೀತಾನೆ, ವಿದ್ಯುತ್ ಮೂಲಕ ಆ ಕೋನ ಎಲ್ಲ ತೋಪಿಗೂ ಹೋಗುತ್ತೆ, ಅವನೇ ಒಂದು ಗುಂಡಿ ಒತ್ತಿ ಎಲ್ಲವನ್ನೂ ಒಟ್ಟಿಗೆ ಹಾರಿಸ್ತಾನೆ. ಒರಾಯನ್‌ನಲ್ಲಿ ಒಬ್ಬೊಬ್ಬ ಗುರಿಕಾರ ತನ್ನ ತನ್ನ ತೋಪು ನೋಡಿಕೊಂಡ. ಥಂಡರರ್‌ಗೆ ಸುಮಾರು ಆರು ಪಟ್ಟು ಹೆಚ್ಚು ಗುಂಡು ತಾಗಿದವು. ಡೈರೆಕ್ಟರ್ ಒಳ್ಳೇದು ಅನ್ನೋದರಲ್ಲಿ ಅನುಮಾನವೇ ಇಲ್ಲ.

ಈಗ ಟೈಗರ್‌ಗೆ ಬರ್ತೀನಿ. 1915 ಜನವರಿ 24, ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಕದನ. ಬ್ರಿಟಿಷರ ಐದು ಬ್ಯಾಟಲ್‌ಕ್ರೂಸರ್‌ಗಳಲ್ಲಿ (ದೊಡ್ಡ ತೋಪಿನ, ವೇಗದ ಯುದ್ಧನೌಕೆಗಳು) ಡೈರೆಕ್ಟರ್ ಇದ್ದದ್ದು ಟೈಗರ್‌ಗೆ ಮಾತ್ರ. ಎಲ್ಲಕ್ಕಿಂತ ಕೆಟ್ಟದಾಗಿ ಹೊಡೆದದ್ದೂ ಟೈಗರ್ರೇ! ಟೈಗರ್ ಮತ್ತು ಮುಂದಿದ್ದ ಲಯನ್ ಎರಡೂ ಒಂದೇ ಜರ್ಮನ್ ಹಡಗಿಗೆ ಹೊಡೀತಿದ್ದವು, ಸೈಡ್‌ಲಿಟ್ಸ್‌ಗೆ. ಗುಂಡು ನೀರಿಗೆ ಬಿದ್ದಾಗ ಮರದೆತ್ತರ ನೀರು ಚಿಮ್ಮುತ್ತೆ. ಅದನ್ನು ನೋಡಿ ಮುಂದೆ ಬಿತ್ತು, ಹಿಂದೆ ಬಿತ್ತು ಅಂತ ತಿದ್ದಿಕೊಳ್ಳೋದು. ಟೈಗರ್‌ನವರು ಲಯನ್‌ನ ಚಿಮ್ಮುವಿಕೆಯನ್ನು ತಮ್ಮದು ಅಂದುಕೊಂಡರು. ಗುರಿಯ ಹತ್ತಿರವೇ ಬೀಳ್ತಿದೆ, ಸರಿ ಇದೆ ಅಂತ ಅದೇ ದೂರಕ್ಕೆ ಹೊಡೀತಾ ಹೋದರು. ಅವರ ಗುಂಡು ನಿಜವಾಗಿ ಬೀಳ್ತಿದ್ದದ್ದು 3,000 ಗಜ ಆಚೆ. ಪಕ್ಕದಲ್ಲಿ ಬೇರೆ ಕೋನದಿಂದ ನೋಡ್ತಿದ್ದ ಸೌತಾಂಪ್ಟನ್ ಹಡಗಿನವರಿಗೆ ಅದು ಕಾಣ್ತಿತ್ತು. ಇತ್ತ ಎರಡನೇ ಜರ್ಮನ್ ಹಡಗು ಮೋಲ್ಟ್ಕೆ ಮೇಲೆ ಯಾರೂ ಹೊಡೀತಾನೇ ಇರಲಿಲ್ಲ. ಅದು ಆರಾಮಾಗಿ ಅಭ್ಯಾಸ ಮಾಡಿದ ಹಾಗೆ ಲಯನ್‌ಗೆ ಹೊಡೀತು.

ಟೈಗರ್ ಆಗಷ್ಟೇ ಸೇವೆಗೆ ಬಂದ ಹೊಸ ಹಡಗು. ಸಿಬ್ಬಂದಿಗೆ ಓಡುವ ಗುರಿಯ ಮೇಲೆ ಅಭ್ಯಾಸವೇ ಆಗಿರಲಿಲ್ಲ ಅನ್ನುವಷ್ಟು ಕಡಿಮೆ. ಹೊಸ ಸಿಎನ್‌ಸಿ ತಂದು, ನಿನ್ನೆ ಸೇರಿದ ಹುಡುಗನ ಕೈಗೆ ಕೊಟ್ಟು, ಸಂಜೆ ಬಂದು ಮೆಷಿನ್ ಸರಿಯಿಲ್ಲ ಅಂದ ಹಾಗೆ. ನಾನು ಕೆಲಸ ಮಾಡಿದ ಕಡೆ ಅದು ನಡೆದಿದೆ. ಸ್ಕ್ರ್ಯಾಪ್ ಡಬ್ಬ ತುಂಬಿದ ಮೇಲೆ ಗೊತ್ತಾಯ್ತು, ಮೈಕ್ರೋಮೀಟರ್‌ನ ಸೊನ್ನೆಯೇ ಸರಿ ಇರಲಿಲ್ಲ ಅಂತ.

ಎರಡು, ಜಟ್ಲೆಂಡ್. ಬ್ರಿಟಿಷ್ ಅಡ್ಮಿರಲ್ ಬೀಟಿಯ ಬ್ಯಾಟಲ್‌ಕ್ರೂಸರ್‌ಗಳು ಇದ್ದದ್ದು ಸ್ಕಾಟ್ಲೆಂಡಿನ ರೊಸೈತ್‌ನಲ್ಲಿ. ಅಲ್ಲಿ ಗುಂಡಿನ ಅಭ್ಯಾಸಕ್ಕೆ ಸರಿಯಾದ ಜಾಗ ಇರಲಿಲ್ಲ. ಅದಕ್ಕೇ ಅಡ್ಮಿರಲ್ ಹುಡ್ ನೇತೃತ್ವದ ಮೂರು ಹಡಗುಗಳನ್ನು ಅಭ್ಯಾಸಕ್ಕೆ ಅಂತ ಉತ್ತರದ ಸ್ಕಾಪಾ ಫ್ಲೋ ನೆಲೆಗೆ ಕಳಿಸಿದ್ದರು. ಮೇ 31ರಂದು ರೊಸೈತ್‌ನಿಂದ ಬಂದವರು ಒದ್ದಾಡಿದರು. ನ್ಯೂಜಿಲೆಂಡ್ ಅನ್ನೋ ಬ್ರಿಟಿಷ್ ಹಡಗು 420 ಗುಂಡು ಹಾರಿಸಿ ನಾಲ್ಕು ತಾಗಿಸಿತು. ಅದೇ ಸ್ಕಾಪಾದಿಂದ ನೇರ ಬಂದ ಇನ್‌ವಿನ್ಸಿಬಲ್ ಕೆಲವೇ ನಿಮಿಷದಲ್ಲಿ ಜರ್ಮನ್ ಅಡ್ಮಿರಲ್ ಹಿಪ್ಪರ್‌ನ ಹಡಗು ಲುಟ್ಸೋವ್ ಮುಳುಗುವ ಹಾಗೆ ಹೊಡೀತು. ಹುಡ್ ಮೇಲಿದ್ದ ತನ್ನ ಗನರಿ (ತೋಪಿನ ವಿಭಾಗದ) ಅಧಿಕಾರಿಗೆ ಚೆನ್ನಾಗಿ ಹೊಡೀತಿದ್ದೀರಿ ಅಂತ ಹೇಳಿದ ಸ್ವಲ್ಪ ಹೊತ್ತಿಗೇ ಹಡಗು ಸಿಡಿದು ಎರಡು ತುಂಡಾಯಿತು. ಸಾವಿರಕ್ಕೂ ಜಾಸ್ತಿ ಜನರಲ್ಲಿ ಉಳಿದದ್ದು ಆರೇ. ಆ ಗನರಿ ಅಧಿಕಾರಿ ಡಾನ್‌ರಾಯ್ಟರ್ ಆ ಆರರಲ್ಲಿ ಒಬ್ಬ.

ನನ್ನ ಮಾತು ಇಷ್ಟೇ. ಪೊಲೆನ್ ಯಂತ್ರ ಸೊಗಸಾದದ್ದು, ನನ್ನ ಓಟು ಅದಕ್ಕೇ. ಆದರೆ ಒಳಗೆ ಹಾಕುವ ದೂರವೇ ತಪ್ಪಿದ್ದರೆ, ಚಿಮ್ಮಿದ ನೀರು ಯಾರದು ಅಂತ ತಿಳಿಯದಿದ್ದರೆ, ಗೋಲಿ ಎಷ್ಟು ಚೆನ್ನಾಗಿ ಉರುಳಿದರೇನು?

ಗಣಿತದ ಮೇಷ್ಟ್ರು

ಒಂದು ಆಕ್ಷೇಪ. ಮಾಸ್ತರು ಯಂತ್ರವನ್ನು ಸ್ವಲ್ಪ ಜಾಸ್ತಿಯೇ ಕೆಳಗಿಳಿಸಿದರು. ಕ್ವೀನ್ ಮೇರಿಯಲ್ಲಿ ಆರ್ಗೋ ಕ್ಲಾಕ್ ಇತ್ತು. ಬೀಟಿಯ ಹಡಗುಗಳಲ್ಲಿ ಚೆನ್ನಾಗಿ ಹೊಡೆದದ್ದು ಅದೇ ಅಂತ ಹೆಸರು. ಸೈಡ್‌ಲಿಟ್ಸ್‌ಗೆ ನಾಲ್ಕು ಗುಂಡು ತಾಗಿಸಿತ್ತು.

ಲೇತ್ ಮಾಸ್ತರ

ಒಪ್ಪಿದೆ. ಆದರೆ ಕ್ವೀನ್ ಮೇರಿಗೆ ಯುದ್ಧಕ್ಕೆ ಮೊದಲಿಂದಲೂ ಒಳ್ಳೆ ಗನರಿ ಹಡಗು ಅಂತ ಹೆಸರಿತ್ತು. ಅದು ಯಂತ್ರದಿಂದಲೋ ಜನರಿಂದಲೋ ಬಿಡಿಸಿ ಹೇಳೋದು ಕಷ್ಟ. ಮಧ್ಯಾಹ್ನ ನಾಲ್ಕೂಕಾಲು ದಾಟಿದ ಮೇಲೆ ಅದೂ ಸಿಡಿದು ಹೋಯಿತು, 1,266 ಜನ. ಕೇಳೋಣ ಅಂದ್ರೆ ಹೇಳುವವರು ಉಳಿದದ್ದು ಬೆರಳೆಣಿಕೆ.

ಮಲ್ಪೆ ಗಾಳಿ

ಇವೆರಡೂ ಸೇರಿ ಒಂದೇ ದಿನ ಬ್ರಿಟಿಷರ ಮೂರು ಬ್ಯಾಟಲ್‌ಕ್ರೂಸರ್ ಸಿಡಿದದ್ದು ಯಾಕೆ? ಗುರಿ ತಪ್ಪಿದ್ದಕ್ಕೂ ಸಿಡಿದದ್ದಕ್ಕೂ ಏನಾದರೂ ಸಂಬಂಧ ಉಂಟಾ?

ಲೇತ್ ಮಾಸ್ತರ

ಉಂಟು. ಗುರಿ ಸರಿ ಸಿಗದವನು ಏನು ಮಾಡ್ತಾನೆ? ಬೇಗ ಬೇಗ ಹೊಡೀತಾನೆ. ಹತ್ತರಲ್ಲಿ ಒಂದಾದರೂ ತಾಗಲಿ ಅಂತ. ಬೇಗ ಹೊಡೆಯೋಕೆ ಮದ್ದಿನ ಚೀಲಗಳನ್ನು ಕೋಣೆಯಿಂದ ಹೊರಗೆ ತಂದು ರಾಶಿ ಹಾಕಿಟ್ಟುಕೊಳ್ತಿದ್ದರು, ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದೇ ಇಡ್ತಿದ್ದರು. ತೋಪಿನ ಗೂಡಿಗೆ ಒಂದು ಗುಂಡು ಬಿದ್ದರೆ ಬೆಂಕಿ ನೇರ ಕೆಳಗೆ. ಲಯನ್‌ನ ನಡುವಿನ ಗೂಡಿಗೂ ಹಾಗೇ ಬಿದ್ದಿತ್ತು. ಅಲ್ಲಿ ಫ್ರಾನ್ಸಿಸ್ ಹಾರ್ವೆ ಅನ್ನೋ ಮೇಜರ್ ಸಾಯುವ ಸ್ಥಿತಿಯಲ್ಲಿದ್ದರೂ ಮದ್ದಿನ ಕೋಣೆಗೆ ನೀರು ಬಿಡಿ ಅಂತ ಆಜ್ಞೆ ಕೊಟ್ಟ. ಅದಕ್ಕೇ ಲಯನ್ ಉಳಿಯಿತು.

ಹುಬ್ಬಳ್ಳಿಯಾಕಿ

ನನಗ ಯುದ್ಧದ ಬಗ್ಗೆ ಏನೂ ಗೊತ್ತಿಲ್ಲರೀ, ಆದರೂ ಪೂರಾ ಓದಿದೆ. ಆ ಕೆಳಗಿನ ಕೋಣೆಯಲ್ಲಿ ಕೂತು ಹಿಡಿಕೆ ತಿರುಗಿಸುತ್ತಿದ್ದವರು ಯಾರು? ಎಂಜಿನಿಯರುಗಳಾ?

ಲೇತ್ ಮಾಸ್ತರ

ಇದನ್ನ ಯಾರೂ ಕೇಳಲಿಲ್ಲವಲ್ಲ ಅಂತ ಕಾಯ್ತಿದ್ದೆ ತಂಗಿ. ಬ್ರಿಟಿಷ್ ಹಡಗುಗಳಲ್ಲಿ ಬಹಳ ಕಡೆ ಅಲ್ಲಿ ಕೂರುತ್ತಿದ್ದವರು ಬ್ಯಾಂಡ್‌ನವರು! ಹೌದು, ವಾದ್ಯ ನುಡಿಸುವವರು, ರಾಯಲ್ ಮರೀನ್ಸ್ ಬ್ಯಾಂಡ್. ಬಂದರಿನಲ್ಲಿ ತುತ್ತೂರಿ, ಕ್ಲಾರಿನೆಟ್. ಕದನ ಶುರುವಾದರೆ ಹಡಗಿನ ಹೊಟ್ಟೆಗೆ ಇಳಿದು ಹಿಡಿಕೆ ಹಿಡಿಯುವುದು. ಮುಳ್ಳು ಓಡಿದಂತೆ ತಮ್ಮ ಮುಳ್ಳನ್ನು ಅದಕ್ಕೆ ಸರಿಯಾಗಿ ಓಡಿಸಬೇಕು, ಹಿಂದೂ ಬೀಳಬಾರದು, ಮುಂದೂ ಹೋಗಬಾರದು. ತಾಳ ಗೊತ್ತಿದ್ದವರಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಹಡಗು ಮುಳುಗಿದರೆ ಅಷ್ಟು ಕೆಳಗಿಂದ ಮೇಲೆ ಬರೋದು ಕಷ್ಟ.

ರಾತ್ರಿಪಾಳಿ

ನಮ್ಮ ದೇಶದ ಹಡಗಿನಲ್ಲಿ ಇಂಥ ಯಂತ್ರ ಇತ್ತಾ?

ಮಲ್ಪೆ ಗಾಳಿ

ಹಳೇ ಐಎನ್‌ಎಸ್ ಮೈಸೂರು ಉಂಟಲ್ಲ. ಬ್ರಿಟಿಷರ ನೈಜೀರಿಯಾ ಅನ್ನೋ ಕ್ರೂಸರ್. 1957ರಲ್ಲಿ ನಾವು ಸೇವೆಗೆ ತೆಗೆದುಕೊಂಡು ಮೈಸೂರು ಅಂತ ಹೆಸರಿಟ್ಟದ್ದು. ಮೂರು ಗೂಡು, ಒಂಬತ್ತು 6 ಇಂಚಿನ ತೋಪು. 1985ರವರೆಗೆ ಸೇವೆಯಲ್ಲಿತ್ತು. ನಮ್ಮ ಕಡೆಯ ಎಷ್ಟೋ ಹಿರಿಯರು ಅದನ್ನು ಬಾಂಬೆಯಲ್ಲಿ ನೋಡಿದ್ದೇವೆ ಅಂತಾರೆ. ಮಾಸ್ತರು ಲಂಡನ್‌ನಲ್ಲಿ ನೋಡಿದ ಹಡಗಿನ ದಾಯಾದಿಯೇ ಅದು.

ರಾತ್ರಿಪಾಳಿ

ಸೂಪರ್. ಅಂದಹಾಗೆ ಮಾಸ್ತರೇ, ಆ ತಟ್ಟೆ ಗೋಲಿ ಐಡಿಯಾ ನೋಡಿ ನಾನು ನಿನ್ನೆ ರಜೆಯಲ್ಲಿ ಮನೇಲಿ ಮಾಡಿ ನೋಡಿದೆ. ಹಳೇ ಸಿಡಿ ಪ್ಲೇಯರ್‌ನ ಮೋಟರ್, ಮೇಲೆ ರಟ್ಟಿನ ತಟ್ಟೆ, ಗೋಲಿ ಬದಲು ಸಣ್ಣ ರಬ್ಬರ್ ಚಕ್ರ. ಅಂಚಿನಲ್ಲಿ ಇಟ್ಟರೆ ಚೆನ್ನಾಗಿ ತಿರುಗುತ್ತೆ. ಆದರೆ ಓಡುವಾಗ ಒಳಗೆ ಹೊರಗೆ ಸರಿಸಿದರೆ ಕಚ್ಚಿಕೊಂಡು ಕಿರ್ ಅನ್ನುತ್ತೆ, ಆಮೇಲೆ ಜಾರುತ್ತೆ. ಎಣಿಕೆ ಪ್ರತಿ ಸಲ ಬೇರೆ ಬರ್ತಿದೆ.

ಲೇತ್ ಮಾಸ್ತರ

ಭೇಷ್! ಡ್ರೇಯರ್ ಟೇಬಲ್‌ನ ತೊಂದರೆಯನ್ನೇ ಮನೇಲಿ ಮಾಡಿದ್ದೀರಿ. ಅದರಲ್ಲೂ ತಟ್ಟೆಯ ಮೇಲೆ ಚಕ್ರವೇ ಇದ್ದದ್ದು. ಚಕ್ರಕ್ಕೆ ಉರುಳೋದು ಗೊತ್ತು, ಅಡ್ಡ ಸರಿಯೋದು ಗೊತ್ತಿಲ್ಲ. ಗಟ್ಟಿ ಒತ್ತಿದರೆ ಸರಿಯಲ್ಲ, ಸಡಿಲ ಬಿಟ್ಟರೆ ಜಾರುತ್ತೆ. ಗೋಲಿ ಆದರೆ ಎಲ್ಲ ಕಡೆಗೂ ಉರುಳುತ್ತೆ. ಅಮೆರಿಕದ ಹ್ಯಾನಿಬಲ್ ಫೋರ್ಡ್ ಅನ್ನುವವನು ತನ್ನ ರೇಂಜ್‌ಕೀಪರ್ ಅನ್ನೋ ಇಂಥದೇ ಲೆಕ್ಕದ ಯಂತ್ರದಲ್ಲಿ ಒಂದರ ಮೇಲೊಂದು ಎರಡು ಗೋಲಿ ಇಟ್ಟ. ಎರಡೂ ಒಂದರ ಮೇಲೊಂದು ಉರುಳುವುದರಿಂದ ಅಡ್ಡ ಸರಿಸುವಾಗ ಉಜ್ಜುವುದೇ ಇಲ್ಲ.

ರಟ್ಟು ಬಿಡಿ, ಅದು ಬಾಗುತ್ತೆ. ದಪ್ಪ ಗಾಜಿನ ತುಂಡು ಇಲ್ಲವೇ ಹಳೇ ಹಾರ್ಡ್‌ಡಿಸ್ಕ್ ಒಳಗಿನ ತಟ್ಟೆ ತಗೊಳ್ಳಿ. ಸೈಕಲ್ ಅಂಗಡಿಯಲ್ಲಿ ಬೇರಿಂಗ್ ಗೋಲಿ ಸಿಗುತ್ತೆ, ಒಂದೇ ಅಳತೆಯವು ಎರಡು. ಅವು ನಿಲ್ಲೋಕೆ ಒಂದು ಹಿತ್ತಾಳೆ ಕೊಳವೆ ಬೇಕು. ಗೋಲಿಯ ಅಳತೆ ಕಳಿಸಿ, ನಾನು ಕಡಿದು ಕೊಡ್ತೀನಿ. ಲೇತ್ ಇನ್ನೂ ಮನೆಯ ಹಿಂದೆ ಇದೆ.